ಬ್ರಿಡ್ಜ್ ಪಿಕಪ್ ಆಯ್ಕೆ: ಜೋರಿಗಿಂತ ಬಿಗಿ ಮುಖ್ಯ

ಹೆವಿ ಮೆಟಲ್ ಸಂಗೀತ ನುಡಿಸುವವರು ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೊದಲು ಬದಲಿಸಲು ಹೊರಡುವುದು ಬ್ರಿಡ್ಜ್ ಪಿಕಪ್ಪನ್ನು, ಅಂದರೆ ತಂತಿಗಳು ಬಂದು ಕೂರುವ ಬ್ರಿಡ್ಜ್ ಬಳಿ ಅವುಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವನ್ನು; ಬದಲಿಸುವಾಗ ಮೊದಲು ನೋಡುವುದು ಅದರ ಕಿಲೋ ಓಮ್ ಅಂಕಿಯನ್ನು, ಅಂದರೆ ಅದರ ಸುರುಳಿಯ ವಿದ್ಯುತ್ ರೋಧವನ್ನು. ಅಂಕಿ ಹೆಚ್ಚಿದಷ್ಟೂ ಪಿಕಪ್ ಜೋರು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಸುರುಳಿಗೆ ಸುತ್ತಿದ ತಾಮ್ರದ ಎಳೆ ತೆಳುವಾಗಿದ್ದರೆ ಸುತ್ತುಗಳು ಹೆಚ್ಚದಿದ್ದರೂ ರೋಧ ಏರುತ್ತದೆ. ಒಳಗಿರುವ ಅಯಸ್ಕಾಂತ ಯಾವುದೆಂಬುದನ್ನಂತೂ ಆ ಅಂಕಿ ಹೇಳುವುದೇ ಇಲ್ಲ.

ಇದಕ್ಕೆ ಸೀಮೋರ್ ಡಂಕನ್ ಸಂಸ್ಥೆಯ ಎರಡು ಪಿಕಪ್‌ಗಳೇ ಸಾಕ್ಷಿ. ಜೆಬಿ ಸುಮಾರು 16.4 ಕಿಲೋ ಓಮ್, ಡಿಸ್ಟಾರ್ಷನ್ ಸುಮಾರು 16.6. ಕಾಗದದ ಮೇಲೆ ಅವಳಿಗಳಂತೆ ಕಾಣುವ ಇವು ಆಂಪ್ಲಿಫೈಯರಿನ ಮುಂದೆ ಬೇರೆ ಬೇರೆ ವಾದ್ಯಗಳಂತೆ ನುಡಿಯುತ್ತವೆ, ಏಕೆಂದರೆ ಮೊದಲನೆಯದರಲ್ಲಿರುವುದು ಆಲ್ನಿಕೊ 5 ಎಂಬ ಮಿಶ್ರಲೋಹದ ಅಯಸ್ಕಾಂತ, ಎರಡನೆಯದರಲ್ಲಿರುವುದು ಸೆರಾಮಿಕ್. ಜೆಬಿಯ ಮೇಲ್ಮಧ್ಯ ಸ್ವರಗಳಲ್ಲಿ ಹಾಡುವ ಗುಣವಿದೆ, ಸೋಲೋಗಳಿಗೆ ಅದು ಒಪ್ಪುತ್ತದೆ. ಆದರೆ ಶ್ರುತಿಯನ್ನು ಕೆಳಗಿಳಿಸಿ ಪಾಮ್ ಮ್ಯೂಟ್ ಮಾಡುತ್ತ (ಅಂಗೈಯಂಚಿನಿಂದ ತಂತಿಗಳನ್ನು ಅದುಮುತ್ತ) ವೇಗವಾಗಿ ರಿಫ್ (ಮತ್ತೆ ಮತ್ತೆ ಬರುವ ಸ್ವರಗುಚ್ಛ) ನುಡಿಸಿದಾಗ ಅದರ ಮಂದ್ರ ಸ್ವಲ್ಪ ಸಡಿಲವಾಗಿ ಕೇಳುತ್ತದೆ. ಡಿಸ್ಟಾರ್ಷನ್‌ನಲ್ಲಿ ಪ್ರತಿ ಹೊಡೆತವೂ ಬಿಡಿಬಿಡಿಯಾಗಿ, ಅಂಚು ಕಟ್ಟಿದಂತೆ ಬರುತ್ತದೆ. ಬ್ಯಾಟರಿ ಬೇಡದ ಪಿಕಪ್‌ಗಳಲ್ಲಿ ನನ್ನ ಆಯ್ಕೆ ಇದೇ.

ಮೂರು ಸೆರಾಮಿಕ್ ಅಯಸ್ಕಾಂತಗಳನ್ನೂ ಅಗಲ ತಲೆಯ ಕಪ್ಪು ತಿರುಪುಗಳನ್ನೂ ಹೊತ್ತ, ಅದೇ ಸಂಸ್ಥೆಯ ಇನ್ವೇಡರ್ ಇನ್ನೂ ದಪ್ಪ ನಾದ ಕೊಡುತ್ತದೆ. ಸ್ವಭಾವತಃ ತೀಕ್ಷ್ಣವಾಗಿ ನುಡಿಯುವ ಗಿಟಾರಿಗೆ ಅದು ವರವಾದೀತು; ಮೊದಲೇ ಗಂಭೀರ ನಾದವಿರುವ ಗಿಟಾರಿನಲ್ಲಿ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸುತ್ತುಗಳು ಹೆಚ್ಚಿದಂತೆ ಸುರುಳಿಯ ಅನುರಣನದ ಶಿಖರ (ಅದು ಅತಿ ಜೋರಾಗಿ ಸ್ಪಂದಿಸುವ ಆವರ್ತನ) ಕೆಳಗಿಳಿದು ತಾರ ಸ್ವರಗಳ ಹೊಳಪು ಕುಂದುತ್ತದೆ, ಉದ್ದದ ಕೇಬಲ್ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಇಂದಿನ ಆಂಪ್‌ಗಳಲ್ಲಿ (ಆಂಪ್ಲಿಫೈಯರ್‌ಗಳಲ್ಲಿ) ಸಂಕೇತವನ್ನು ಹಿಗ್ಗಿಸುವ ಗೇನ್‌ಗೆ ಬರವಿಲ್ಲದಿರುವಾಗ, ಸ್ಪಷ್ಟತೆಯನ್ನು ತೆತ್ತು ಇನ್ನಷ್ಟು ಜೋರನ್ನು ಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಈ ತೊಡಕನ್ನು ಬೇರೆ ದಾರಿಯಿಂದ ಬಿಡಿಸಿದ್ದು ಇಎಂಜಿ ಸಂಸ್ಥೆಯ 81 ಎಂಬ ಪಿಕಪ್. ಅದರ ಸುರುಳಿಗಳಿಂದ ಬರುವ ಸಂಕೇತವನ್ನು ಪಿಕಪ್ಪಿನೊಳಗೇ ಇರುವ ಪ್ರೀಆಂಪ್, 9 ವೋಲ್ಟ್ ಬ್ಯಾಟರಿಯ ಬಲದಿಂದ, ಹಿಗ್ಗಿಸಿ ಹೊರಗೆ ಕಳಿಸುತ್ತದೆ. ಹೀಗಾಗಿ ಉದ್ದದ ಕೇಬಲ್ ಅದರ ಹೊಳಪನ್ನು ಕದಿಯಲಾರದು, ಗುಂಯ್ ಎಂಬ ಸದ್ದೂ ತೀರಾ ಕಡಿಮೆ. ರಿಫ್ಫಿನ ನಡುವೆ ಥಟ್ಟನೆ ನಿಲ್ಲಿಸಿದಾಗ ಸಿಗುವ ಆ ನಿಶ್ಶಬ್ದ ಒಮ್ಮೆ ರೂಢಿಯಾದರೆ ಬಿಡುವುದು ಕಷ್ಟ. ಆದರೆ ಮೃದುವಾಗಿ ಮೀಟಿದ್ದಕ್ಕೂ ಬಲವಾಗಿ ಮೀಟಿದ್ದಕ್ಕೂ ಇರುವ ಅಂತರ ಇಲ್ಲಿ ಕಿರಿದಾಗುತ್ತದೆ ಎಂಬುದು ನನ್ನ ಕಿವಿಯ ಅನುಭವ. ಒಂದೇ ಹಾಡಿನಲ್ಲಿ ಸ್ವಚ್ಛ ನಾದವನ್ನೂ ನುಡಿಸುವವರು ಇದನ್ನು ಯೋಚಿಸಬೇಕು. ಸುತ್ತಿದ ತಾಮ್ರದ ಬದಲು ಮುದ್ರಿತ ಸರ್ಕ್ಯೂಟ್ ಪದರಗಳನ್ನು ಬಳಸುವ ಫಿಶ್‌ಮನ್ ಫ್ಲುಯೆನ್ಸ್ ಮಾಡರ್ನ್, ಒಂದೇ ಪಿಕಪ್ಪಿನಲ್ಲಿ ಎರಡು ಧ್ವನಿಗಳನ್ನಿಟ್ಟು ಅಂಥವರಿಗೂ ದಾರಿ ತೋರಿಸಿದೆ.

ಬದಲಿಸುವ ಮುನ್ನ ವೈರಿಂಗ್ ಬಗ್ಗೆ ಎಚ್ಚರ ಬೇಕು. ಬ್ಯಾಟರಿ ಬೇಡದ ಸಾಮಾನ್ಯ ಹಂಬಕರ್‌ಗೆ (ಎರಡು ಸುರುಳಿಗಳ ಪಿಕಪ್ಪಿಗೆ) 500 ಕಿಲೋ ಓಮ್ ಪಾಟ್ (ಗುಂಡಿಯ ಕೆಳಗಿರುವ, ರೋಧ ಬದಲಿಸುವ ಭಾಗ) ಹೊಂದಿದರೆ, ಇಎಂಜಿ 81ಕ್ಕೆ ಬೇಕಾದದ್ದು 25 ಕಿಲೋ ಓಮ್; ಹಳೆಯ ಪಾಟ್‌ಗಳನ್ನೇ ಉಳಿಸಿಕೊಂಡರೆ ವಾಲ್ಯೂಮ್ ಗುಂಡಿ ಸ್ವಿಚ್ಚಿನಂತೆ ಒಮ್ಮೆಲೇ ಏರಿಳಿಯುತ್ತದೆ. ಕೇಬಲ್ ಚುಚ್ಚಿಟ್ಟಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ, ಆದ್ದರಿಂದ ನುಡಿಸಿ ಮುಗಿದ ಕೂಡಲೇ ಕೇಬಲ್ಲನ್ನು ಕಿತ್ತಿಡಬೇಕು. ಫ್ಲಾಯ್ಡ್ ರೋಸ್ ಎಂಬ ಅಲುಗಾಡಿಸಬಲ್ಲ ಬ್ರಿಡ್ಜ್ ಇರುವವರು, ಅದರಲ್ಲಿ ತಂತಿಗಳ ನಡುವಿನ ಅಂತರ ಹೆಚ್ಚಿರುವುದರಿಂದ, ಅಗಲ ಅಂತರದ ಪಿಕಪ್ ಮಾದರಿಯನ್ನೇ ಕೇಳಿ ಪಡೆಯಬೇಕು.

ಜೋಡಿಸಿದ ಮೇಲೆ ಪಿಕಪ್ಪನ್ನು ತಂತಿಗಳಿಗೆ ತೀರಾ ಹತ್ತಿರ ಏರಿಸಬಾರದು. ಕೊನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ನಡುವೆ 2ರಿಂದ 2.5 ಮಿಲಿಮೀಟರ್ ಬಿಟ್ಟು ಆರಂಭಿಸಿ, ಅದೇ ರಿಫ್ ಮತ್ತೆ ಮತ್ತೆ ನುಡಿಸುತ್ತ ತಿರುಪನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತ ಹೋದರೆ, ಮಂದ್ರ ಬಿಗಿಯಾಗುವ ಜಾಗ ಕಿವಿಗೇ ತಿಳಿಯುತ್ತದೆ.