ರಾಜಮುಡಿ ಅಕ್ಕಿ: ಪ್ಯಾಕೆಟ್ಟೋ, ಆಪೋ, ರೈತರ ಮೂಟೆಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂಟೆಗೆ. ಎರಡು ವರ್ಷದಿಂದ ಹೊಳೆನರಸೀಪುರದ ಕಡೆಯ ಸಾವಯವ ರೈತರೊಬ್ಬರು 25 ಕೆಜಿ ರಾಜಮುಡಿ, ಅಂದರೆ ಕೆಂಪು ಗೆರೆಯ ನಾಟಿ ಅಕ್ಕಿಯನ್ನು, ಬಸ್ಸಿಗೆ ಹಾಕಿ ಕಳಿಸುತ್ತಾರೆ, ನಾನು ಮೆಜೆಸ್ಟಿಕ್‌ನಲ್ಲಿ ಇಳಿಸಿಕೊಳ್ಳುತ್ತೇನೆ.

ಅಂಗಡಿಯ ಪ್ಯಾಕೆಟ್ಟಿಗೆ ಸಾವಯವ ಆಹಾರಕ್ಕೆ ಹಾಕುವ ಜೈವಿಕ್ ಭಾರತ್ ಮುದ್ರೆ ಇತ್ತು, ಕೆಜಿಗೆ 140 ರೂಪಾಯಿ. ಆದರೆ ಪಾಲಿಶ್ ಎಷ್ಟಾಗಿತ್ತೆಂದರೆ ಕೆಂಪು ಗೆರೆಯನ್ನು ಹುಡುಕಬೇಕು. ಮೈಸೂರು ಅರಸರಿಗೆ ಕಂದಾಯವಾಗಿ ಹೋಗುತ್ತಿದ್ದ ಅಕ್ಕಿ ಅನ್ನುತ್ತಾರಲ್ಲ, ಆ ಗೆರೆಯೇ ಇಲ್ಲದಿದ್ದರೆ ಸೋನಾಮಸೂರಿ ಸಾಲದೇ?

ಆಪಿನಲ್ಲಿ ಸಲಕ್ಕೊಂದು ಕಂಪನಿಯ ಅಕ್ಕಿ. ನೀರಿನ ಅಳತೆಯೇ ಕೂರಲಿಲ್ಲ, ಬಿಟ್ಟೆ.

ಮೂಟೆಯ ತಾಪತ್ರಯ ಒಂದೇ, ನುಸಿ. ಮೊದಲ ಮೂಟೆ ಬಂದದ್ದು ಮಳೆಗಾಲದಲ್ಲಿ. ತಿಂಗಳೊಳಗೆ ಡಬ್ಬದ ಮುಚ್ಚಳ ತೆಗೆದರೆ ಅಕ್ಕಿಯೇ ನಡೆಯುತ್ತಿದೆ! ಬಿಸಿಲು ಬಿದ್ದ ದಿನ ನೋಡಿ ತಾರಸಿಯ ಮೇಲೆ ಹರವಿ, ಆಮೇಲೆ ಆ ರೈತರಿಗೆ ಫೋನ್ ಮಾಡಿದೆ. "ಔಷಧಿ ಹೊಡೆಯಲ್ಲ ಅಕ್ಕಾ, ನುಸಿ ಬರ್ದೇ ಇರುತ್ತಾ? ಬಿಸಿಲಿಗೆ ಮಾತ್ರ ಹಾಕ್ಬೇಡಿ, ಅಕ್ಕಿ ಒಡೆಯುತ್ತೆ" ಅಂದರು. ಅಷ್ಟರಲ್ಲಿ ಒಡೆದಾಗಿತ್ತು. ಆ ತಿಂಗಳೆಲ್ಲ ಮನೆಯಲ್ಲಿ ಅಕ್ಕಿತರಿ ಉಪ್ಪಿಟ್ಟು. ಅತ್ತೆ ಇವತ್ತಿಗೂ ಮರೆತಿಲ್ಲ.

ಈಗ ಅವರು ಭತ್ತವನ್ನೇ ಇಟ್ಟುಕೊಂಡು, ನಾವು ಹೇಳಿದಾಗಷ್ಟೇ ಊರಿನ ಗಿರಣಿಯಲ್ಲಿ ಅಕ್ಕಿ ಮಾಡಿಸುತ್ತಾರೆ. ಭತ್ತದಲ್ಲಿ ಹುಳದ ಕಾಟ ಕಡಿಮೆ. ಮೂರು ಮನೆಯವರು ಮೂಟೆ ಹಂಚಿಕೊಂಡು, ಬೇವಿನೆಲೆ, ಒಣಮೆಣಸಿನಕಾಯಿ ಹಾಕಿಡುತ್ತೇವೆ. ಇದರಿಂದ ರೈತರಿಗೂ ಅನುಕೂಲವಾಗಿದೆ. ಮುಂಚೆ ಕೊಯ್ಲು ಮುಗಿದ ಕೂಡಲೇ, ದರ ಬಿದ್ದ ಹೊತ್ತಲ್ಲೇ ಭತ್ತ ಮಾರಬೇಕಿತ್ತು. ಈಗ ಮಾರುವುದು ಅಕ್ಕಿ, ಅದೂ ವರ್ಷವಿಡೀ. ಗಿರಣಿಯ ಕೂಲಿ ಊರಲ್ಲೇ ಉಳಿಯುತ್ತದೆ, ತೌಡು ಅವರ ಹಸುವಿಗೆ, ಅಕ್ಕಿ ಕೇರಿ ಕೊಡುವ ಇಬ್ಬರು ಹೆಂಗಸರಿಗೆ ದಿನಗೂಲಿ.

ಮೂಟೆಯ ಮೇಲೆ ಯಾವ ಮುದ್ರೆಯೂ ಇಲ್ಲ. ಸಣ್ಣ ರೈತರೇ ಗ್ರಾಹಕರಿಗೆ ನೇರ ಮಾರಿದರೆ ಅದು ಕಡ್ಡಾಯವಲ್ಲ. ಹೋಗಿ ಗದ್ದೆ ನೋಡಿ ಬಂದೆವು, ನಮಗೆ ಅಷ್ಟು ಸಾಕು.

ಬಸ್ ಚಾರ್ಜು ಸೇರಿ ಕೆಜಿಗೆ 95 ಬೀಳುತ್ತದೆ. ನಮ್ಮಲ್ಲಿ ದಿನಾ ಎರಡು ಹೊತ್ತು ಅನ್ನ, ಹಾಗಾಗಿ ಲೆಕ್ಕ ಕೂಡುತ್ತದೆ. ಒಬ್ಬರೇ ರೂಮು ಮಾಡಿಕೊಂಡು ವಾರಕ್ಕೆರಡು ಸಲ ಕುಕ್ಕರ್ ಇಡುವವರಾದರೆ ಒಂದು ಕೆಜಿಯ ಪ್ಯಾಕೆಟ್ಟನ್ನೇ ತನ್ನಿ, ನುಸಿಯ ಜೊತೆ ಒದ್ದಾಡಬೇಡಿ.