ಪರೇಲ್‌ನ ಬಾಯಮ್ಮನ ಖಾನಾವಳಿ: ರೋಗಿ ಜೊತೆ ಬಂದವರು ಮೊದಲು ಇಲ್ಲಿಗೆ ಹೋಗಿ

ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಊರಿಂದ ಬರುವವರಿಗಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆ ಇರುವ ಬೋರ್ಜಸ್ ರಸ್ತೆಯಿಂದ ಒಳಗೆ ತಿರುಗಿದರೆ ಗಲ್ಲಿಯಲ್ಲಿ ಒಂದು ಸಣ್ಣ ಖಾನಾವಳಿ. ಬೋರ್ಡ್ ಇಲ್ಲ. ನಡೆಸುವವರು ಮಂಗಳೂರು ಕಡೆಯ ಕ್ರೈಸ್ತ ಗಂಡ ಹೆಂಡತಿ, ಎಲ್ಲರೂ ಹೆಂಡತಿಯನ್ನು ಬಾಯಮ್ಮ, ಗಂಡನನ್ನು ಪೊರ್ಬು ಅಂತಲೇ ಕರೆಯುತ್ತಾರೆ.

ಊಟದ ವಿಷಯ ಹೇಳುತ್ತೇನೆ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ ತುಂಬಾ ಚೆನ್ನಾಗಿವೆ. ಬಂಗುಡೆ ಸಾರು ಬೇಗ ಖಾಲಿ. ಸಾಂಬಾರ್ ಸುಮಾರು. ಆದರೆ ಇಲ್ಲಿಗೆ ಹೋಗಬೇಕಾದದ್ದು ರೋಗಿಯ ಊಟಕ್ಕೆ. ಕೀಮೋ ಆದವರಿಗೆ ಎಷ್ಟೋ ಸಲ ಬಾಯೆಲ್ಲ ಹುಣ್ಣು, ಖಾರ ಹುಳಿ ತಾಗಿದರೆ ಕಣ್ಣಲ್ಲಿ ನೀರು, ಬಿಳಿ ರಕ್ತಕಣ ಇಳಿದಿದ್ದರೆ ಹಸಿ ತರಕಾರಿ, ಹಸಿ ಚಟ್ನಿ ಬೇಡ ಅಂತ ಡಾಕ್ಟರೂ ಹೇಳಿರುತ್ತಾರೆ. ಮಾಮಾನನ್ನು ಕರೆದುಕೊಂಡು ಹೋದಾಗ ಬಾಯಮ್ಮ ಏನೇನಿದೆ ಅಂತ ಹೇಳಲೇ ಇಲ್ಲ. "ಎಂತ ಪುತಾ, ಮಾವನಿಗೆ ನುಂಗ್ಲಿಕ್ಕೆ ಆಗ್ತದಾ?" ಅಂತ ಕೇಳಿದರು. ಗಂಜಿಗೆ ಬೇಯಿಸಿದ ಕ್ಯಾರೆಟ್ ಸೇರಿಸಿ, ಮಿಕ್ಸಿಗೆ ಹಾಕಿ, ಸೋಸಿ, ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ಬಿಸಿ ನೋಡಿ, ಆಮೇಲೆ ಲೋಟಕ್ಕೆ ಸುರಿದರು. ಮಾಮಾ ಪೂರ್ತಿ ಕುಡಿದರು.

ವಿಜಯಪುರ, ಕಲಬುರಗಿ ಕಡೆಯವರಿಗೆ ಜೋಳದ ರೊಟ್ಟಿಯೂ ಉಂಟು. ಗಂಡನ ಚಿಕಿತ್ಸೆಗೆ ಬಂದು ತಿಂಗಳುಗಟ್ಟಲೆ ಉಳಿದಿದ್ದ ಇಂಡಿ ಕಡೆಯ ಅಕ್ಕ ಒಬ್ಬರು ಬಡಿಯುವುದನ್ನು ಕಲಿಸಿದ್ದಂತೆ. ಇನ್ನೂ ಸ್ವಲ್ಪ ದಪ್ಪವೇ ಬರುತ್ತದೆ.

ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಪೊರ್ಬು ಹಿಂದಿ, ಮರಾಠಿ ಬಾರದವರ ಫೈಲ್ ಹಿಡಿದು ಕೌಂಟರ್ ತನಕ ಜೊತೆಗೆ ಹೋಗುತ್ತಾರೆ, ಕ್ಯೂನಲ್ಲೂ ನಿಲ್ಲುತ್ತಾರೆ. ಅದಕ್ಕೆ ದುಡ್ಡಿಲ್ಲ. ನಡೆಯುತ್ತಾ ಆ ರಸ್ತೆಗೆ ಹೆಸರು ಬಂದ ಡಾ. ಅರ್ನೆಸ್ಟ್ ಬೋರ್ಜಸ್ ಬಗ್ಗೆ ಹೇಳಿದರು: ಗೋವಾದ ಕ್ರೈಸ್ತ, 1941ರಲ್ಲಿ ಶುರುವಾದ ಈ ಆಸ್ಪತ್ರೆಯ ದೊಡ್ಡ ಸರ್ಜನ್, ಬಡ ರೋಗಿಗಳೆಂದರೆ ಜೀವ, 1969ರಲ್ಲಿ ತೀರಿಕೊಂಡರು. ಪೊರ್ಬುಗೆ ಅವರ ಮೇಲೆ ಬಹಳ ಅಭಿಮಾನ.

ಗೋಡೆಯಲ್ಲಿ ಯೇಸುವಿನ ಫೋಟೋ ಇದೆ. ಧರ್ಮದ ಮಾತು ಅವರಾಗಿ ಎತ್ತುವುದಿಲ್ಲ. ಬುಧವಾರ ಮಾಹಿಮ್ ಇಗರ್ಜಿಯ (ಚರ್ಚಿನ) ನೊವೆನಾ ಪ್ರಾರ್ಥನೆಗೆ ಹೊರಡುವಾಗ ಮಾತ್ರ "ನಿಮ್ಮ ಹೆಸರಲ್ಲಿ ಪ್ರಾರ್ಥನೆ ಮಾಡ್ಲಾ?" ಅಂತ ಬಾಯಮ್ಮ ಕೇಳುತ್ತಾರೆ. ಬೇಡ ಅಂದರೆ ಬಿಟ್ಟುಬಿಡುತ್ತಾರೆ. ಹಣೆ ತುಂಬಾ ವಿಭೂತಿ ಹಚ್ಚಿದ್ದ ಅಜ್ಜ ಒಬ್ಬರು "ಬರ್ಕೋರಿ ಬಾಯಮ್ಮ, ಮೊಮ್ಮಗಳ ಹೆಸರು ಬರ್ಕೋರಿ" ಅಂದರು. ನಾನು ಹುಬ್ಬಳ್ಳಿಯ ಬಾಸೆಲ್ ಮಿಶನ್ ಚರ್ಚಿನ ಸಭೆಯಲ್ಲಿ ಬೆಳೆದವನು. ಹಸಿದವರಿಗೆ ಊಟ ಕೊಟ್ಟರೆ, ರೋಗಿಯನ್ನು ನೋಡಿಕೊಂಡರೆ ಅದು ನನಗೇ ಮಾಡಿದ್ದು ಅಂತ ಯೇಸು ಹೇಳಿದ್ದು ಬೈಬಲ್‌ನಲ್ಲಿ ಮತ್ತಾಯನ 25ನೇ ಅಧ್ಯಾಯದಲ್ಲಿದೆ, ಅದರ ಮೇಲೆ ಚರ್ಚಿನಲ್ಲಿ ಎಷ್ಟೋ ಉಪದೇಶ ಕೇಳಿದ್ದೇನೆ. ಇವರು ಗುರುತಿಲ್ಲದವರ ಕ್ಯೂ, ರಿಪೋರ್ಟಿಗೆ ಕಾಯುವ ಸಂಕಟ, ಬಾಯಿಹುಣ್ಣು ಎಲ್ಲವನ್ನೂ ಮನೆಯವರದ್ದು ಅನ್ನುವಂತೆ ನೋಡಿಕೊಳ್ಳುತ್ತಾರೆ. ನನ್ನ ಪ್ರಕಾರ ಕ್ರೈಸ್ತರಾಗಿ ಬದುಕುವುದು ಅಂದರೆ ಇದೇ.

ತೊಂದರೆಯೂ ಇದೆ. ಜಾಗ ಇಕ್ಕಟ್ಟು, ಒಂದು ಗಂಟೆಗೆ ಹೋದರೆ ನಿಂತೇ ಕಾಯಬೇಕು, ವೀಲ್‌ಚೇರ್ ಒಳಗೆ ಹೋಗುವುದಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು 11ರ ಮೇಲೆ ಬಾಗಿಲು ತೆಗೆಯುತ್ತಾರೆ. ಪರೇಲ್ ಸ್ಟೇಷನ್ನಿಂದ ನಡೆದೇ ಹೋಗಬಹುದು. ವಾರ್ಡಿಗೆ ಒಯ್ಯುವುದಾದರೆ ನಿಮ್ಮದೇ ಸ್ಟೀಲ್ ಡಬ್ಬಿ ತನ್ನಿ, ರೋಗಿ ಏನು ತಿನ್ನಬಾರದು ಅನ್ನುವುದನ್ನು ಬೆಳಿಗ್ಗೆಯೇ ಹೇಳಿಬಿಡಿ.