ಹಾಸನದ ವಾಲ್ವ್ ವರ್ಕ್‌ಶಾಪ್: ಮಾರುವ ಮುಂಚೆ ಕಾರಣ ಹುಡುಕುತ್ತಾರೆ

ಹಾಸನದ ಕೈಗಾರಿಕಾ ಪ್ರದೇಶದ ಈ ವರ್ಕ್‌ಶಾಪ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಮುಖ್ಯವಾಗಿ ತಡ ಮಾಡಿದ್ದಕ್ಕೆ, ಕೆಲಸದಲ್ಲಿ ಕೊಂಕಿಲ್ಲ.

ನಮ್ಮದು ಇಳಿಜಾರಿನ ಕಾಫಿ ತೋಟ. ಮೇಲಿನ ಟ್ಯಾಂಕಿಗೂ ಕೆಳಗಿನ ತೊಟ್ಟಿಗೂ ಸುಮಾರು 60 ಮೀಟರ್ ವ್ಯತ್ಯಾಸ, ಅಂದರೆ ಹತ್ತಿರ ಹತ್ತಿರ 6 ಬಾರ್ ಒತ್ತಡ. ಅಷ್ಟನ್ನೂ ತೊಟ್ಟಿ ಪಕ್ಕದ ಒಂದೇ ಗೇಟ್ ವಾಲ್ವ್ ಅರ್ಧ ತೆರೆದು ತಡೆಯುತ್ತಿದ್ದೆವು. ಪೈಪಿನೊಳಗೆ ಜಲ್ಲಿ ಹರಿದ ಹಾಗೆ ಸದ್ದು, ಆಮೇಲೆ ಸೀಟು, ಅಂದರೆ ಮುಚ್ಚಿದಾಗ ವಾಲ್ವ್ ಬಿಗಿಯಾಗಿ ಕೂರುವ ಜಾಗ, ಸೋರುವುದು. ಬೇರೆ ಅಂಗಡಿಯವರು "ನೀರಲ್ಲಿ ಮರಳಿದೆ" ಅಂತ ಅದೇ ಥರದ ಹೊಸ ವಾಲ್ವ್ ಕೊಟ್ಟು ಕಳಿಸುತ್ತಿದ್ದರು.

ಇಲ್ಲಿ ಹಳೆಯದನ್ನು ಬಿಚ್ಚಿ ನೋಡಿದ ಮೇಲೇ ಮಾತು. ಮರಳು ತಿಂದಿದ್ದರೆ ನೀರು ಹರಿದ ದಿಕ್ಕಿಗೆ ನುಣುಪಾದ ಗೀರು ಇರುತ್ತದೆ, ನಮ್ಮದು ತೂತು ತೂತಾಗಿ ಕೈಗೆ ಒರಟು. "ಇದು ಕ್ಯಾವಿಟೇಶನ್ ಸರ್" ಅಂದರು. ಇಕ್ಕಟ್ಟಿನಲ್ಲಿ ನೀರಿನ ವೇಗ ಏರಿ ಒತ್ತಡ ಕುಸಿಯುತ್ತದೆ, ಆವಿ ಒತ್ತಡಕ್ಕಿಂತ (ನೀರು ಆವಿಯಾಗಲು ಶುರುವಾಗುವ ಮಟ್ಟ) ಕೆಳಗಿಳಿದರೆ ತಣ್ಣೀರಲ್ಲೇ ಆವಿಯ ಗುಳ್ಳೆ ಏಳುತ್ತವೆ, ಸ್ವಲ್ಪ ಮುಂದೆ ಒತ್ತಡ ಮತ್ತೆ ಏರಿದಾಗ ಅವು ಕುಸಿದು, ಆಗ ನುಗ್ಗುವ ಸಣ್ಣ ನೀರಿನ ಧಾರೆ ಲೋಹವನ್ನು ಕೆತ್ತುತ್ತದೆ. ಸುಮಾರು 1,000 ಮೀಟರ್ ಎತ್ತರದ ನಮ್ಮ ಕಡೆ ಗಾಳಿಯ ಒತ್ತಡವೂ ಸಮುದ್ರಮಟ್ಟಕ್ಕಿಂತ ಶೇ. 11ರಷ್ಟು ಕಡಿಮೆ, ಹಾಗಾಗಿ ತೊಟ್ಟಿಗೆ ಬಿಡುವ ಕಡೆ ತೊಂದರೆ ಇನ್ನೂ ಬೇಗ.

ಒಳಗೇ ಹಲವು ಹಂತದಲ್ಲಿ ಒತ್ತಡ ಇಳಿಸುವ, ದುಬಾರಿ ಮಲ್ಟಿಸ್ಟೇಜ್ ಟ್ರಿಮ್ ಇರುವ ವಾಲ್ವ್ ತಲೆಗೆ ಕಟ್ಟಬಹುದಿತ್ತು, ಅಲ್ವಾ? ಕಟ್ಟಲಿಲ್ಲ. ಸಾಲಾಗಿ ಎರಡು ಗ್ಲೋಬ್ ವಾಲ್ವ್ (ಪ್ಲಗ್ಗು ಮೇಲೆ ಕೆಳಗೆ ಮಾಡಿ ಹರಿವು ಹದ ಮಾಡುವ ಥರದ್ದು) ಹಾಕಿದರು. ಮೊದಲನೆಯದರಲ್ಲಿ ಜಾಸ್ತಿ ಒತ್ತಡ ಇಳಿಯಬೇಕು, ಯಾಕಂದರೆ ಅದರ ಮುಂದೆ ಇನ್ನೂ ಒತ್ತಡ ಉಳಿದಿರುತ್ತದೆ, ಗುಳ್ಳೆ ಏಳುವುದು ಕಷ್ಟ. ಕೊನೆಯದಕ್ಕೆ ಸ್ವಲ್ಪವೇ ಬಿಡಬೇಕು. ಅದರ ಪ್ಲಗ್ಗು, ಸೀಟು ಸ್ಟೇನ್‌ಲೆಸ್ ಸ್ಟೀಲ್. ನಡುವೆ ಒಂದು ಪ್ರೆಷರ್ ಗೇಜ್. ಗೇಟ್ ವಾಲ್ವ್ ಈಗಲೂ ಇದೆ, ಪೂರ್ತಿ ತೆರೆಯೋದು ಇಲ್ಲವೇ ಪೂರ್ತಿ ಮುಚ್ಚೋದು, ಅಷ್ಟೇ ಅದರ ಕೆಲಸ.

ಸದ್ದು ನಿಂತಿದೆ. ಬೇಸರ ಆಗಿದ್ದು ಎರಡಕ್ಕೆ: ಹೇಳಿದ ದಿನಕ್ಕೆ ಮಾಲು ಬರಲಿಲ್ಲ, ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟು ಸ್ಪ್ರಿಂಕ್ಲರ್ ಓಡಿಸಬೇಕಾದ ಹೊತ್ತಲ್ಲಿ ಕಾಯಬೇಕಾಯಿತು. ಎಸ್ಟಿಮೇಟನ್ನೂ ಬಾಯಲ್ಲೇ ಹೇಳುತ್ತಾರೆ, ಬರೆಸಿಕೊಳ್ಳಿ. ಹೋಗುವಾಗ ಹಳೆಯ ವಾಲ್ವ್ ತಗೊಂಡು ಹೋಗಿ, ಜೊತೆಗೆ ವಾಲ್ವ್‌ನ ಹಿಂದಿನ ಒತ್ತಡ, ಮುಂದಿನ ಒತ್ತಡ, ಗಂಟೆಗೆ ಎಷ್ಟು ನೀರು ಬೇಕು ಅನ್ನೋದನ್ನೂ ಬರೆದುಕೊಂಡು ಹೋಗಿ. ಮೊದಲು ಕೇಳೋದೇ ಅದನ್ನ.